ವರ್ಷದ ಅತ್ಯುತ್ತಮ ಆಲ್ಬಮ್: ಒಂದು ಜಗಳದ ಇತಿಹಾಸ

ಮತ ಹಾಕಿಸಿ ಸಂಗೀತಗಾರರಿಗೆ ದರ್ಜೆ ಕೊಡುವ ಪತ್ರಿಕೆಗಳ ರೂಢಿ ಲಾಂಗ್‌ಪ್ಲೇ ತಟ್ಟೆಗಿಂತ ಹಳೆಯದು. 1934ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಜಾಝ್ ಪತ್ರಿಕೆ ಡೌನ್‌ಬೀಟ್ 1936ರಲ್ಲೇ ಓದುಗರ ಮತ ಕೇಳಿತು. 1953ರಲ್ಲಿ ವಿಮರ್ಶಕರ ಮತವನ್ನು ಬೇರೆಯಾಗಿ ಎಣಿಸುವ ಪದ್ಧತಿಯನ್ನೂ ತಂದಿತು. ಆಗಿನ ಪೈಪೋಟಿ ಮುಖ್ಯವಾಗಿ ವಾದಕರ ನಡುವಿನದು: ಟ್ರಂಪೆಟ್‌ನಲ್ಲಿ ಯಾರು ಮೇಲು, ಡ್ರಮ್ಸ್‌ನಲ್ಲಿ ಯಾರು ಮೇಲು ಎಂಬುದು. ಆದರೆ ಓದುಗರದೊಂದು, ವಿಮರ್ಶಕರದೊಂದು ಎಂದು ಎರಡು ಪಟ್ಟಿಗಳಾದ ಮೇಲೆ ಯಾರ ಮಾತು ನಿಜ ಎಂಬ ಪ್ರಶ್ನೆ ತಾನಾಗಿಯೇ ಎದ್ದಿತು.

ಕೊಲಂಬಿಯಾ ಕಂಪನಿ ಲಾಂಗ್‌ಪ್ಲೇ ತಟ್ಟೆಯನ್ನು 1948ರಲ್ಲೇ ಮಾರುಕಟ್ಟೆಗೆ ಬಿಟ್ಟಿದ್ದರೂ ಪಾಪ್ ಸಂಗೀತದಲ್ಲಿ ಬಹುಕಾಲ ಲೆಕ್ಕಕ್ಕೆ ಬರುತ್ತಿದ್ದುದು ಬಿಡಿ ಹಾಡು. ಲಂಡನ್ನಿನ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್, ಅಂದರೆ ಎನ್‌ಎಂಇ, 1952ರಲ್ಲಿ ಅಚ್ಚು ಹಾಕಿದ ಬ್ರಿಟನ್ನಿನ ಮೊದಲ ಮಾರಾಟ ಪಟ್ಟಿ ಸಿಂಗಲ್‌ಗಳದೇ ಆಗಿತ್ತು. 1967ರಲ್ಲಿ ಬೀಟಲ್ಸ್‌ನ ಸಾರ್ಜೆಂಟ್ ಪೆಪ್ಪರ್ ಬಂದಿತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಆರಂಭವಾಯಿತು. ಆಲ್ಬಮ್ ಎಂದರೆ ಮೊದಲಿಂದ ಕೊನೆಯವರೆಗೆ ಒಟ್ಟಾಗಿ ಕೇಳಬೇಕಾದ ಒಂದು ಕೃತಿ ಎಂಬ ಭಾವನೆ ಆ ಹೊತ್ತಿಗೆ ಬೇರೂರಿತು. ಎಷ್ಟು ಮಾರಾಟವಾಯಿತು ಎಂಬುದಕ್ಕೆ ಅಂಗಡಿಗಳ ಲೆಕ್ಕ ಸಾಕು, ಯಾವುದು ಒಳ್ಳೆಯದು ಎಂದು ಹೇಳಲು ಬೇರೆ ಯಾರಾದರೂ ಬೇಕಾಯಿತು.

ಆ ಕೆಲಸಕ್ಕೆ ಅತಿ ಕಟ್ಟುನಿಟ್ಟಾದ ನಿಯಮ ಹಾಕಿಕೊಂಡದ್ದು ನ್ಯೂಯಾರ್ಕಿನ ವಾರಪತ್ರಿಕೆ ವಿಲೇಜ್ ವಾಯ್ಸ್. ಅಲ್ಲಿನ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 1971ರಲ್ಲಿ ಪ್ಯಾಝ್ ಆಂಡ್ ಜಾಪ್ ಎಂಬ ವಿಮರ್ಶಕರ ಮತದಾನ ನಡೆಸಿದರು. ಮೊದಲ ಸಲ ಗೆದ್ದದ್ದು ದಿ ಹೂ ತಂಡದ ಹೂಸ್ ನೆಕ್ಸ್ಟ್. ನಡುವೆ ನಿಂತುಹೋಗಿದ್ದ ಈ ಮತದಾನ 1974ರಿಂದ ವಾರ್ಷಿಕವಾಯಿತು. ಪ್ರತಿ ವಿಮರ್ಶಕನ ಕೈಯಲ್ಲಿ 100 ಅಂಕಗಳು. ಅವನ್ನು 10 ಆಲ್ಬಮ್‌ಗಳಿಗೆ ಹಂಚಬೇಕು. ಯಾವುದಕ್ಕೂ 5ಕ್ಕಿಂತ ಕಡಿಮೆಯಿಲ್ಲ, 30ಕ್ಕಿಂತ ಹೆಚ್ಚಿಲ್ಲ. ಈ ಲೆಕ್ಕದಲ್ಲೇ ಒಂದು ಅಭಿಪ್ರಾಯ ಅಡಗಿದೆ. ಹತ್ತು ಮಂದಿ ತಲಾ 5 ಕೊಟ್ಟ ಆಲ್ಬಮ್‌ಗೆ 50 ಅಂಕ ಸಿಕ್ಕರೆ, ಇಬ್ಬರೇ ಇಬ್ಬರು ಮನಸೋತು ತಲಾ 30 ಕೊಟ್ಟದ್ದಕ್ಕೆ 60. ಹಲವರ ಅರೆಮನಸ್ಸಿನ ಒಪ್ಪಿಗೆಗಿಂತ ಕೆಲವರ ಮೋಹಕ್ಕೆ ಬೆಲೆ ಹೆಚ್ಚು. ಯಾರು ಯಾವುದಕ್ಕೆ ಎಷ್ಟು ಅಂಕ ಕೊಟ್ಟರೆಂಬ ವಿವರವೂ ಹೊರಬರುತ್ತಿದ್ದುದರಿಂದ ಅಭಿಮಾನಿಗಳು ಪಟ್ಟಿಯ ಮೇಲಷ್ಟೇ ಅಲ್ಲ, ಒಬ್ಬೊಬ್ಬ ವಿಮರ್ಶಕನ ಮೇಲೂ ತಿರುಗಿಬೀಳಬಹುದಿತ್ತು.

ವರ್ಷ ಎಂದರೆ ಯಾವ ವರ್ಷ ಎಂಬುದೇ ಒಮ್ಮೊಮ್ಮೆ ತಕರಾರು. ದಿ ಕ್ಲಾಶ್ ತಂಡದ ಲಂಡನ್ ಕಾಲಿಂಗ್ ಬ್ರಿಟನ್ನಿನಲ್ಲಿ 1979ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 1980ರ ಜನವರಿಯಲ್ಲಿ ಬಿಡುಗಡೆಯಾಯಿತು. ಹಾಗಾಗಿ ವಿಲೇಜ್ ವಾಯ್ಸ್‌ನಲ್ಲಿ ಅದು 1980ರ ಮೊದಲ ಸ್ಥಾನ ಪಡೆಯಿತು. 1989ರಲ್ಲಿ ರೋಲಿಂಗ್ ಸ್ಟೋನ್ ಅದನ್ನು ಎಂಬತ್ತರ ದಶಕದ ಅತ್ಯುತ್ತಮ ಆಲ್ಬಮ್ ಎಂದೇ ಸಾರಿತು. ಅದು ಎಪ್ಪತ್ತರ ದಶಕದ ತಟ್ಟೆಯಲ್ಲವೇ ಎಂಬ ಬ್ರಿಟಿಷ್ ಅಭಿಮಾನಿಯ ಆಕ್ಷೇಪಕ್ಕೆ ಅಮೆರಿಕದ ಬಿಡುಗಡೆ ದಿನಾಂಕದ ಹೊರತು ಉತ್ತರವಿಲ್ಲ.

ಎಲ್ಲಕ್ಕಿಂತ ಹೆಚ್ಚು ಮಾತಿಗೆ ಸಿಕ್ಕಿದ್ದು 1991ರ ಪಟ್ಟಿಗಳು. ಆ ವರ್ಷ ಸ್ಪಿನ್ ಪತ್ರಿಕೆ ಸ್ಕಾಟ್ಲೆಂಡಿನ ಟೀನೇಜ್ ಫ್ಯಾನ್‌ಕ್ಲಬ್ ತಂಡದ ಬ್ಯಾಂಡ್‌ವ್ಯಾಗನೆಸ್ಕ್ ಅನ್ನು ಮೊದಲಿಗಿಟ್ಟು, ನಿರ್ವಾಣ ತಂಡದ ನೆವರ್‌ಮೈಂಡ್ ಅನ್ನು ಅದರ ಕೆಳಗಿಟ್ಟಿತು. ಎನ್‌ಎಂಇ ಮತ್ತು ವಿಲೇಜ್ ವಾಯ್ಸ್ ಎರಡರಲ್ಲೂ ಗೆದ್ದದ್ದು ನೆವರ್‌ಮೈಂಡ್. ಸ್ಪಿನ್‌ನ ಆಯ್ಕೆಯನ್ನು ಪಟ್ಟಿಗಳ ಚರಿತ್ರೆಯ ದೊಡ್ಡ ಎಡವಟ್ಟು ಎನ್ನುವವರು ಇಂದಿಗೂ ಇದ್ದಾರೆ. ಇದು ನ್ಯಾಯವಾದ ಮಾತಲ್ಲ. ನೆವರ್‌ಮೈಂಡ್ ಹೊರಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಮೈಕಲ್ ಜಾಕ್ಸನ್ ಅವರ ಡೇಂಜರಸ್ ಅನ್ನು ಕೆಳಗಿಳಿಸಿ ಅದು ಅಮೆರಿಕದ ಮಾರಾಟ ಪಟ್ಟಿಯ ತುದಿಗೇರಿದ್ದು 1992ರ ಜನವರಿಯಲ್ಲಿ. ಸ್ಪಿನ್ ಪಟ್ಟಿ ಅಚ್ಚಾಗುವಾಗ ಅದಿನ್ನೂ ಯುಗ ಬದಲಿಸಿದ ತಟ್ಟೆ ಎನಿಸಿರಲಿಲ್ಲ. ಬ್ಯಾಂಡ್‌ವ್ಯಾಗನೆಸ್ಕ್ ಕೂಡ ಇವತ್ತಿಗೂ ಕೇಳಲು ಸೊಗಸಾಗಿಯೇ ಇದೆ.

ಓದುಗರಿಗೋ ಕೇಳುಗರಿಗೋ ಮತ ಬಿಟ್ಟುಕೊಟ್ಟರೆ ಪಟ್ಟಿ ವಿಶಾಲವಾಗುತ್ತದೆಂಬ ನಂಬಿಕೆಯೂ ಅಷ್ಟಾಗಿ ನಿಲ್ಲಲಿಲ್ಲ. ಬಿಬಿಸಿ ರೇಡಿಯೋ 1ರಲ್ಲಿ ಜಾನ್ ಪೀಲ್ 1976ರಲ್ಲಿ ಆರಂಭಿಸಿದ ಫೆಸ್ಟಿವ್ ಫಿಫ್ಟಿ ಕೇಳುಗರೇ ಆರಿಸಿದ ಹಾಡುಗಳ ಪಟ್ಟಿ. ಪೀಲ್ ವರ್ಷವಿಡೀ ರೆಗೆಯನ್ನೂ ಆಫ್ರಿಕಾದ ಸಂಗೀತವನ್ನೂ ಕೇಳಿಸುತ್ತಿದ್ದರು. ಮತ ಬೀಳುತ್ತಿದ್ದುದು ಹೆಚ್ಚಾಗಿ ಗಿಟಾರ್ ತಂಡಗಳಿಗೆ. ಅತ್ತ 1988ರಲ್ಲಿ ಪಬ್ಲಿಕ್ ಎನಿಮಿಯ ಹಿಪ್‌ಹಾಪ್ ಆಲ್ಬಮ್ ಎನ್‌ಎಂಇ, ವಿಲೇಜ್ ವಾಯ್ಸ್ ಎರಡರಲ್ಲೂ ಗೆದ್ದದ್ದು ವಿಮರ್ಶಕರ ಮತದಿಂದ. ವಿಮರ್ಶಕರಾದರೂ ಎಲ್ಲರೂ ಒಂದೇ ಬಗೆಯವರಲ್ಲ. ಮಾರ್ವಿನ್ ಗೇ ಅವರ ವಾಟ್ಸ್ ಗೋಯಿಂಗ್ ಆನ್ ಅನ್ನು ಎನ್‌ಎಂಇ 1985ರಲ್ಲೇ ಸಾರ್ವಕಾಲಿಕ ಪಟ್ಟಿಯ ತುದಿಗಿಟ್ಟಿತ್ತು. ರೋಲಿಂಗ್ ಸ್ಟೋನ್‌ನ 500 ಆಲ್ಬಮ್‌ಗಳ ಪಟ್ಟಿಯಲ್ಲಿ 2003ರಲ್ಲಿ ಸಾರ್ಜೆಂಟ್ ಪೆಪ್ಪರ್ ಮೊದಲನೆಯದಾಗಿತ್ತು. 2020ರಲ್ಲಿ ಹೊಸದಾಗಿ ಮತ ಹಾಕಿಸಿದಾಗ ಆ ಜಾಗಕ್ಕೆ ಗೇ ಬಂದರು. ಹಾಡುಗಳು ಬದಲಾಗಿರಲಿಲ್ಲ, ಮತದಾರರು ಬದಲಾಗಿದ್ದರು.

2000ದಲ್ಲಿ ಸ್ಪಿನ್ ವರ್ಷದ ಆಲ್ಬಮ್ ಪಟ್ಟವನ್ನು ಓದುಗರ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ಗೆ ಕೊಟ್ಟಿತು. ನ್ಯಾಪ್‌ಸ್ಟರ್‌ನಿಂದ ಹಾಡುಗಳನ್ನು ಇಳಿಸಿಕೊಳ್ಳುತ್ತಿದ್ದ ಕಾಲ ಅದು. ಆಲ್ಬಮ್ ಎಂಬ ರೂಪವೇ ಉಳಿಯುತ್ತದೋ ಇಲ್ಲವೋ ಎಂಬ ಅನುಮಾನ ಆ ತಮಾಷೆಯಲ್ಲಿತ್ತು. ಆಲ್ಬಮ್ ಉಳಿಯಿತು, ಕುತ್ತು ಬಂದದ್ದು ಪತ್ರಿಕೆಗಳ ವೇಳಾಪಟ್ಟಿಗೆ. ಡಿಸೆಂಬರ್ ಸಂಚಿಕೆಗಾಗಿ ನವೆಂಬರ್‌ನಲ್ಲೇ ಮತ ಮುಗಿಸುತ್ತಿದ್ದವರಿಗೆ ಬಿಯಾನ್ಸೆ 2013ರ ಡಿಸೆಂಬರ್ 13ರಂದು ಮುನ್ಸೂಚನೆಯಿಲ್ಲದೆ ಬಿಟ್ಟ ಆಲ್ಬಮ್ ದಕ್ಕಲಿಲ್ಲ. ಮರುವರ್ಷ ಡಿಸೆಂಬರ್ 15ಕ್ಕೆ ಬಂದ ಡಿ'ಏಂಜೆಲೊ ಅವರ ಬ್ಲ್ಯಾಕ್ ಮೆಸಾಯ ಕೂಡ ಹಲವು ಪಟ್ಟಿಗಳಿಂದ ತಪ್ಪಿಹೋಯಿತು. ಹೊಸ ವರ್ಷ ಹುಟ್ಟಿದ ಮೇಲೆ ಫಲಿತಾಂಶ ಹೇಳುತ್ತಿದ್ದ ಪ್ಯಾಝ್ ಆಂಡ್ ಜಾಪ್‌ನಲ್ಲಿ ಮಾತ್ರ ಅದು ಮೊದಲ ಸ್ಥಾನಕ್ಕೇ ಬಂದಿತು.

ಅಷ್ಟು ಹೊತ್ತಿಗೆ ಕ್ರಿಸ್ಟ್‌ಗೌ ಅಲ್ಲಿರಲಿಲ್ಲ. 2006ರಲ್ಲಿ ಪತ್ರಿಕೆ ಅವರನ್ನು ಕೆಲಸದಿಂದ ತೆಗೆದಿತ್ತು. ವಿಲೇಜ್ ವಾಯ್ಸ್ 2017ರಲ್ಲಿ ಮುದ್ರಣ ನಿಲ್ಲಿಸಿತು, ಮರುವರ್ಷ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು.