ಎಂಟು ಎಳೆಯ ದಾರ

ಚರಿತ್ರೆ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಕಿರೀಟ, ಕತ್ತಿ, ಕೋಟೆ. ಐತಿಹಾಸಿಕ ನಾಟಕಕ್ಕೆ ಉಡುಪು ಹೊಲಿಸುವವರೂ ಮೊದಲು ಹುಡುಕುವುದು ಇವನ್ನೇ. ಆ ಕಾಲದವರ ಮೈಮೇಲಿನ ಬಟ್ಟೆ ಜಾರಿ ಬೀಳದಂತೆ ಹಿಡಿದಿಟ್ಟದ್ದು ಯಾವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹುಕ್ಕು, ಜಿಪ್ಪು, ಪಿನ್ನು ಎಲ್ಲ ನಮ್ಮ ಮನೆಗಳಿಗೆ ಬಂದದ್ದು ಈಚೆಗೆ. ಅದಕ್ಕೆ ಮುಂಚೆ ಅಷ್ಟೂ ಕೆಲಸವನ್ನು ದಾರವೇ ಮಾಡುತ್ತಿತ್ತು. ಅಂಗಿಗೆ ಕಸೆ, ಚಲ್ಲಣಕ್ಕೆ ಲಾಡಿ, ಸೊಂಟಕ್ಕೆ ಉಡುದಾರ, ಜಡೆಗೆ ಕುಚ್ಚು, ಕತ್ತಿಯ ಒರೆಗೆ ಹುರಿ, ಕೊರಳಿನ ಸರದ ಹಿಂದೆ ಎಳೆದು ಸಡಿಲಿಸುವ ರೇಷ್ಮೆಯ ದಾರ. ಬಾರಾಬಂದಿ ಅಂಗಿಗೆ ಆ ಹೆಸರು ಬಂದದ್ದೇ ಅದರ ಹನ್ನೆರಡು ಕಸೆಗಳಿಂದ. ನಮ್ಮ ಅಜ್ಜಿಯರ ಕುಪ್ಪಸವೂ ಎದೆಯ ಕೆಳಗೆ ಗಂಟು ಹಾಕುವಂಥದೇ ಆಗಿತ್ತಲ್ಲವೆ?

ಇದೆಲ್ಲ ನನ್ನ ತಲೆಗೆ ಬಂದದ್ದು ದೊಡ್ಡಆಲಹಳ್ಳಿಯಲ್ಲಿ. ಕನಕಪುರದಿಂದ ಸಂಗಮದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಅಲ್ಲಿನ ಹುಡುಗಿಯರು ಮಾಗಡಿಯ ಕೆಂಪೇಗೌಡರ ಮೇಲೊಂದು ನಾಟಕ ಆಡುವುದೆಂದು ನಿಶ್ಚಯವಾಗಿ, ಉಡುಪಿನ ಭಾರ ನನ್ನ ಮೇಲೆ ಬಿತ್ತು. ಪಟ್ಟಣದ ಬಾಡಿಗೆ ಅಂಗಡಿಯೊಂದರಿಂದ ತಂದ ಗಂಟು ಬಿಚ್ಚಿದರೆ, ಸೈನಿಕರ ಅಂಗಿಗೆ ಹಿಂದುಗಡೆ ಜಿಪ್ಪು, ನಾಯಕನ ನಡುಪಟ್ಟಿಗೆ ಮಿರಿಮಿರಿ ಸ್ಯಾಟಿನ್ ರಿಬ್ಬನ್ನು. ಒಂದು ಹುಡುಗಿ ಅದನ್ನು ಹಾಕಿಕೊಂಡು, "ಆಂಟಿ, ಆಗಿನ ಕಾಲದಲ್ಲಿ ಬೆನ್ನಿನ ಜಿಪ್ಪು ಎಳೆಯೋಕೆ ಯಾರಾದರೂ ಇರ್ತಿದ್ರಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಆ ಕಾಲದವರು ಹೇಗೆ ಉಡುತ್ತಿದ್ದರೆಂದು ನೋಡಬೇಕಾದರೆ ಹಿಂದೂಪುರದ ಹತ್ತಿರದ ಲೇಪಾಕ್ಷಿಗೆ ಹೋಗಬೇಕು. ಅಲ್ಲಿನ ವೀರಭದ್ರ ದೇವಾಲಯದ ಮಾಳಿಗೆಯ ಒಳಮೈ ತುಂಬ ವಿಜಯನಗರ ಕಾಲದ ಚಿತ್ರಗಳಿವೆ. ಎತ್ತರದ ಕುಲ್ಲಾಯಿ ಟೋಪಿ, ಉದ್ದನೆಯ ಅಂಗಿ, ನಡುಕಟ್ಟು, ಹೆಂಗಸರ ಸೀರೆಯ ಬಗೆಬಗೆಯ ಪಟ್ಟೆ ಎಲ್ಲವನ್ನೂ ಚಿತ್ರಕಾರರು ಅಕ್ಕರೆಯಿಂದ ಬರೆದಿದ್ದಾರೆ. ಎರಡೂವರೆ ಶತಮಾನ ಕಳೆದ ಮೇಲಿನ ಉಡುಪು ಬೇಕೆ? ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳಲೂರು ಯುದ್ಧದ ಚಿತ್ರವಿದೆ. ಒಮ್ಮೆ ದಾರಗಳನ್ನೇ ನೋಡುವೆನೆಂದು ಮನಸ್ಸು ಮಾಡಿ ಇಂಥ ಚಿತ್ರಗಳ ಮುಂದೆ ನಿಂತು ನೋಡಿ. ಆನೆ ಕುದುರೆಗಳೂ ಆಮೇಲೆ ಬೇರೆಯಾಗಿಯೇ ಕಾಣುತ್ತವೆ.

ಕಂಡದ್ದನ್ನು ಮಾಡಬೇಕಲ್ಲ! ಅದಕ್ಕೆ ಮೂರು ಬೇಕು: ನೂಲು, ಸಲಕರಣೆ, ಗೊತ್ತಿರುವ ಕೈ.

ನೂಲಿನಿಂದಲೇ ಶುರು ಮಾಡೋಣ. ಇದು ರೇಷ್ಮೆಯ ಸೀಮೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಸಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸುವುದು ಇಲ್ಲಿನ ಹೆಂಗಸರಿಗೆ ಅನ್ನ ಬಸಿದಷ್ಟು ಸಹಜ. ಹುಳು ಜ್ವರಕ್ಕೆ ಕೂತಿದೆಯೆ, ಎದ್ದಿದೆಯೆ ಎಂದು ಮಗುವನ್ನು ವಿಚಾರಿಸಿದಂತೆ ವಿಚಾರಿಸಿಕೊಳ್ಳುತ್ತಾರೆ. ಆದರೂ ಐವತ್ತು ಗ್ರಾಂ ರೇಷ್ಮೆ ನೂಲು ಬೇಕೆಂದರೆ ಊರಿನಲ್ಲಿ ಸಿಗಲಿಲ್ಲ. ಗೂಡು ಮಾರುಕಟ್ಟೆಗೆ ಹೋಗುತ್ತದೆ. ರಾಮನಗರದ್ದು ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಹೆಸರಾದದ್ದು. ಅಲ್ಲಿ ಹರಾಜಾಗಿ ನೂಲು ತೆಗೆಯುವವರ ಕೈಗೆ, ಅಲ್ಲಿಂದ ಹುರಿ ಹಾಕುವವರಿಗೆ, ಬಣ್ಣದವರಿಗೆ, ನೇಕಾರರಿಗೆ. ಗೂಡು ಬಿಡಿಸಿದ ಕೈಗೆ ಅದು ಮರಳಿ ಬಂದರೆ ಸೀರೆಯಾಗಿ, ಅದೂ ಮಗಳ ಮದುವೆಗೆ, ಸಾಲ ಮಾಡಿದಾಗ.

ನೂಲು ತೆಗೆಯುವ ಮನೆಯನ್ನು ಒಮ್ಮೆಯಾದರೂ ನೋಡಬೇಕು. ಕುದಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಬಿಸಿನೀರಿಗೇ ಬೆರಳು ಹಾಕಿ ತುದಿ ಹಿಡಿದು, ಹಲವು ಗೂಡುಗಳ ಎಳೆಯನ್ನು ಕೂಡಿಸಿ ಒಂದು ನೂಲಾಗಿ ರಾಟೆಗೆ ಏರಿಸುತ್ತಾರೆ. ಒಂದೊಂದು ಗೂಡಿನಲ್ಲಿ ನೂರಾರು ಮೀಟರು ಉದ್ದದ ಎಳೆ ಇರುತ್ತದೆ. ಹೀಗಿದ್ದೂ ಒಂದು ಕೆ.ಜಿ. ನೂಲಿಗೆ ಮಿಶ್ರತಳಿಯ ಗೂಡು ಸುಮಾರು 7-8 ಕೆ.ಜಿ. ಬೇಕು. ಹಾಗೆ ಬಂದ ಕಚ್ಚಾ ನೂಲು ಅಂಟಿನಿಂದ ಬಿರುಸಾಗಿರುತ್ತದೆ. ಸೋಪಿನ ನೀರಿನಲ್ಲಿ ಬೇಯಿಸಿ ಅಂಟು ತೆಗೆದರೆ ತೂಕದಲ್ಲಿ ಕಾಲು ಭಾಗದಷ್ಟು ಹೋಗಿ, ಉಳಿದದ್ದು ಬೆಣ್ಣೆಯಂತೆ ಮೆತ್ತಗಾಗುತ್ತದೆ. ದಾರ ಹೆಣೆಯಲು ಬೇಕಾದದ್ದು ಹೀಗೆ ಹುರಿ ಹಾಕಿ ಬೇಯಿಸಿದ ನೂಲು.

ಇಲ್ಲಿ ಚರಿತ್ರೆಯ ಒಂದು ಮಾತು. ಮೈಸೂರು ಸೀಮೆಯಲ್ಲಿ ರೇಷ್ಮೆ ಹುಳು ಸಾಕಣೆ ಬೇರೂರಿದ್ದು 18ನೇ ಶತಮಾನದ ಕೊನೆಯಲ್ಲಿ. ಟಿಪ್ಪು ಸುಲ್ತಾನ ಬಂಗಾಳದಿಂದ ಹುಳು ತರಿಸಿ 21 ಕಡೆ ಸಾಕಣೆಗೆ ಏರ್ಪಾಟು ಮಾಡಿದ. ಕೆಂಪೇಗೌಡರ ಕಾಲಕ್ಕೆ ರೇಷ್ಮೆ ಎಂದರೆ ದೂರದಿಂದ ಬಂದ ದುಬಾರಿ ವಸ್ತು; ವಿಜಯನಗರದ ಪೇಟೆಗೆ ಚೀನಾದ ರೇಷ್ಮೆ ಬರುತ್ತಿದ್ದುದನ್ನು 16ನೇ ಶತಮಾನದ ಪೋರ್ಚುಗೀಸ್ ಬರಹಗಾರ ಡುವಾರ್ಟೆ ಬಾರ್ಬೋಸಾ ದಾಖಲಿಸಿದ್ದಾನೆ. ಎಂದಮೇಲೆ ನಮ್ಮ ನಾಟಕದ ಎಲ್ಲ ಸೈನಿಕರಿಗೂ ರೇಷ್ಮೆಯ ಕಸೆ ಸಲ್ಲದು. ಅವರಿಗೆ ಹತ್ತಿಯ ದಾರ, ನಾಯಕನಿಗೆ ಮಾತ್ರ ರೇಷ್ಮೆ. ಒಂದು ದಾರದಿಂದಲೇ ಯಾರು ಒಡೆಯ, ಯಾರು ಆಳು ಎಂದು ಗೊತ್ತಾಗುತ್ತಿತ್ತು. ಹತ್ತಿಯ ನೂಲಿನ ಲಡಿ ಖಾದಿ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಖರ್ಚೂ ಉಳಿಯಿತು, ಚರಿತ್ರೆಯೂ ಉಳಿಯಿತು!

ಪೇಟೆಯಲ್ಲಿ 'ರೇಷ್ಮೆ ದಾರ' ಎಂದು ಮಾರುವುದೆಲ್ಲ ರೇಷ್ಮೆಯಲ್ಲ. ಕುಚ್ಚಿಗೆಂದು ಬಳಸುವ ಹೊಳೆಯುವ ನೂಲಿನಲ್ಲಿ ಹೆಚ್ಚಿನದು ಕೃತಕ. ಒಂದು ತುಣುಕನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಕರಿ ಉಳಿಯುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ರೇಯಾನು ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರು. ವೇದಿಕೆಯ ಮೇಲೆ ಹತ್ತು ಅಡಿ ದೂರಕ್ಕೆ ಎಲ್ಲ ಒಂದೇ ಅನ್ನಬಹುದು. ಆದರೆ ಗಂಟು ಹಾಕಿದಾಗ ವ್ಯತ್ಯಾಸ ತಿಳಿಯುತ್ತದೆ. ರೇಷ್ಮೆ, ಹತ್ತಿ ಕಚ್ಚಿ ಹಿಡಿಯುತ್ತವೆ. ಪಾಲಿಯೆಸ್ಟರು ಎರಡನೆಯ ಅಂಕಕ್ಕೇ ಸಡಿಲಾಗಿ ಸೈನಿಕನ ಮಾನ ಕಳೆಯುತ್ತದೆ.

ಇನ್ನು ಗೊತ್ತಿರುವ ಕೈ. ರೇಷ್ಮೆ ನೂಲಿನಿಂದ ಕುಚ್ಚು, ಗೊಂಡೆ, ಸರದ ದಾರ ಮಾಡುವುದನ್ನೇ ಕಸುಬಾಗಿ ಉಳ್ಳವರನ್ನು ನಮ್ಮಲ್ಲಿ ಪಟವೇಗಾರರು ಎಂದು ಕರೆಯುತ್ತಿದ್ದರು. ಉತ್ತರ ಭಾರತದಲ್ಲಿ ಅವರೇ ಪಟ್ವಾಗಳು. ಈ ಕಸುಬಿನವರ ಸಲಕರಣೆ ಕಂಡರೆ ನಿಮಗೆ ಆಶ್ಚರ್ಯವಾದೀತು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೋ ಗೂಟದ ಕೊಕ್ಕೆಗೋ ಸಿಕ್ಕಿಸಿ ಬಿಗಿ ಹಿಡಿಯುವುದು, ಎರಡು ಕೈಯಿಂದ ಹೆಣೆಯುವುದು, ಒಂದು ಸೂಜಿ, ಒಂದು ಕತ್ತರಿ. ಅಷ್ಟೆ! ಹೀಗಾಗಿಯೇ ವಸ್ತುಸಂಗ್ರಹಾಲಯಗಳಲ್ಲಿ ಕತ್ತಿಯ ಸಾಲು ಕಾಣುತ್ತದೆ, ದಾರದವರ ಸಲಕರಣೆ ಕಾಣುವುದಿಲ್ಲ. ಕಾಲಿನ ಹೆಬ್ಬೆರಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಹೇಗೆ?

ದೊಡ್ಡಆಲಹಳ್ಳಿಯಲ್ಲಿ ನನಗೆ ಸಿಕ್ಕ ಗುರು ಪಟವೇಗಾರರಲ್ಲ, ಎತ್ತಿಗೆ ಮೂಗುದಾರ ಹೆಣೆಯುತ್ತಿದ್ದ ಒಬ್ಬ ಅಜ್ಜಿ. ಗಂಡ ಹೋದ ಮೇಲೆ ಆ ಕೆಲಸ ತನಗೇ ಬಂತು ಎಂದರು. ನಾನು ತಂದ ನೂಲನ್ನು ತೊಡೆಯ ಮೇಲೆ ಹೊಸೆಯತೊಡಗಿದಾಗ ತಡೆದು ಹೇಳಿದರು: "ಹೊಸೆಯೋದು ಬ್ಯಾರೆ, ಹೆಣೆಯೋದು ಬ್ಯಾರೆ ಕಣವ್ವ. ಹೊಸೆದದ್ದು ತುದಿ ಬಿಟ್ರೆ ಬಿಚ್ಕೊತದೆ. ಹೆಣೆದದ್ದು ಒಂದನ್ನೊಂದು ಹಿಡ್ಕೊಂಡಿರ್ತದೆ." ದಾರದ ಶಾಸ್ತ್ರವೆಲ್ಲ ಈ ಎರಡು ಮಾತಿನಲ್ಲಿದೆ. ಹೊಸೆದ ಹುರಿಯಲ್ಲಿ ಎಳೆಗಳು ಒಂದೇ ದಿಕ್ಕಿಗೆ ಸುತ್ತಿಕೊಳ್ಳುತ್ತವೆ. ಹೆಣೆದ ದಾರದಲ್ಲಿ ಅರ್ಧ ಎಳೆ ಬಲಕ್ಕೆ, ಅರ್ಧ ಎಡಕ್ಕೆ ಹೋಗುತ್ತ ಒಂದರ ಮೇಲೆ ಒಂದು ಹಾಯುತ್ತವೆ. ಎಳೆದರೆ ತಿರುಚಿಕೊಳ್ಳದು, ಅದಕ್ಕೇ ಮೂಗುದಾರಕ್ಕೂ ಅದೇ, ಕತ್ತಿಯ ಒರೆಗೂ ಅದೇ.

ಮೂರೆಳೆಯ ಜಡೆ ನಮಗೆಲ್ಲ ಬರುತ್ತದೆ. ನಾಲ್ಕೆಳೆಯದೂ ಕೆಲವರಿಗೆ ಬರುತ್ತದೆ. ಆದರೆ ನಾಯಕನ ನಡುಕಟ್ಟಿಗೆ ಬೇಕಾದ ಗುಂಡನೆಯ ದಾರಕ್ಕೆ ಎಂಟು ಎಳೆ. ಅದನ್ನು ಹೇಗೆ ಹೆಣೆಯುವುದೆಂದು ತಲೆ ಕೆಡಿಸಿಕೊಂಡಿದ್ದಾಗ, ಹುಡುಕಿದ ಬಳ್ಳಿ ಕಾಲಿಗೆ ತೊಡರಿದ ಹಾಗೆ, ಹುಡುಗಿಯರೇ ಅಂಗಳದಲ್ಲಿ ಅದನ್ನು ಆಡುತ್ತಿದ್ದರು. ಜಡೆ ಕೋಲಾಟ! ಮೇಲಿನಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು, ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ, ಒಬ್ಬರ ಒಳಗಿಂದ ಇನ್ನೊಬ್ಬರ ಹೊರಗಿಂದ ನುಸುಳುತ್ತ ಕುಣಿದರೆ ಮೇಲೆ ಜಡೆ ಬೀಳುತ್ತ ಬರುತ್ತದೆ. ಹಿಂದುಮುಂದಾಗಿ ಕುಣಿದರೆ ಬಿಚ್ಚಿಕೊಳ್ಳುತ್ತದೆ. ಶೂ ಲೇಸು ಮಾಡುವ ಯಂತ್ರದ ಒಳಗೆ ಕಂಡಿಕೆಗಳು ಓಡುವುದೂ ಇದೇ ದಾರಿಯಲ್ಲಿ. ಯಂತ್ರ ಈಚಿನದು, ಕುಣಿತ ಹಿಂದಿನದು. ಎಂಟು ಹುಡುಗಿಯರ ಜಾಗದಲ್ಲಿ ಎಂಟು ಎಳೆ ಇಟ್ಟರೆ ಮುಗಿಯಿತು.

ಎಳೆಗಳು ಸಮನಾಗಿ ಬಿಗಿಯಾಗಿರಬೇಕಾದರೆ ಒಂದೊಂದರ ತುದಿಗೂ ಸಮ ತೂಕ ಕಟ್ಟಬೇಕು. ಜಪಾನಿನಲ್ಲಿ ಇದಕ್ಕೆಂದೇ ಮರುದಾಯಿ ಎಂಬ ದುಂಡನೆಯ ಪೀಠವೂ, ನೂಲು ಸುತ್ತಿದ ತೂಕದ ಕಂಡಿಕೆಗಳೂ ಇವೆ. ಅಲ್ಲಿ ಈ ಹೆಣಿಗೆಗೆ ಕುಮಿಹಿಮೊ ಎಂದು ಹೆಸರು. ನಮ್ಮಲ್ಲಿ? ಪಕ್ಕದಲ್ಲೇ ಚನ್ನಪಟ್ಟಣವಿದೆ. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಾಕಿ, ನುಣುಪಾದ ಗೊಂಬೆ ಮಾಡುವ ಊರು. ದಾರವಲ್ಲದಿದ್ದರೂ ತಂತಿಯಲ್ಲೂ ಹೆಸರಾದ ಊರು: 1800ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್, ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿ ಅಲ್ಲಿ ತಯಾರಾಗಿ ದೂರದೂರಕ್ಕೆ ಹೋಗುತ್ತಿದ್ದುದನ್ನು ಬರೆದಿದ್ದಾನೆ. ಅಲ್ಲಿಂದ ಒಂದೇ ಅಳತೆಯ ಎಂಟು ಬುಗುರಿ ತಂದೆ. ಬುಗುರಿ ಎಂದರೆ ದಾರ ಸುತ್ತುವುದಕ್ಕೇ ಹುಟ್ಟಿದ್ದು! ಒಂದೊಂದಕ್ಕೆ ಒಂದೊಂದು ಎಳೆ ಸುತ್ತಿ, ಜಾರದಂತೆ ಒಂದು ಕುಣಿಕೆ ಹಾಕಿ, ಮಧ್ಯೆ ತೂತಿರುವ ಸ್ಟೂಲಿನ ಸುತ್ತ ಇಳಿಬಿಟ್ಟೆವು. ಹೆಣೆದ ದಾರ ತೂತಿನೊಳಗೆ ಇಳಿಯುತ್ತ ಹೋಯಿತು. ಎಳೆಯನ್ನು ಬೇಕಾದ ಉದ್ದದ ಒಂದೂವರೆ ಪಟ್ಟು ಇಟ್ಟುಕೊಳ್ಳಿ, ಹೆಣೆದಾಗ ಕುಗ್ಗುತ್ತದೆ. ಕೋಲಾಟದ ಹುಡುಗಿಯರಿಗೆ ನಾನು ಕಲಿಸಬೇಕಾದ್ದೇನೂ ಉಳಿಯಲಿಲ್ಲ. ಅವರ ಕಾಲಿಗೆ ಗೊತ್ತಿದ್ದದ್ದನ್ನು ಕೈಗೆ ಹೇಳಿಕೊಟ್ಟರು, ಅಷ್ಟೆ.

ನಾಟಕದ ದಿನ ಇನ್ನೊಂದು ಕಂಡಿತು. ಜಿಪ್ಪಿನ ಅಂಗಿಯಲ್ಲಿ ಸೊಟ್ಟಗೆ ನಿಲ್ಲುತ್ತಿದ್ದ ಹುಡುಗಿ ಕಸೆ ಬಿಗಿದ ಮೇಲೆ ನೆಟ್ಟಗೆ ನಿಂತಳು. ನಡು ಬಿಗಿದರೆ ನಡಿಗೆಯೇ ಬೇರೆ. 'ನಡು ಕಟ್ಟಿ ನಿಲ್ಲು', 'ಟೊಂಕ ಕಟ್ಟು' ಎಂದು ನಾವು ಸುಮ್ಮನೆ ಆಡುವ ಮಾತಿನ ಒಳಗೆ ನಿಜವಾದ ಒಂದು ಗಂಟು ಇತ್ತು.

ಕತ್ತಿಗೂ ದಾರಕ್ಕೂ ಇದ್ದ ನಂಟು ಜಪಾನಿನಲ್ಲಿ ಏನಾಯಿತೆಂದು ಹೇಳಬೇಕು. ಅಲ್ಲಿ ಯೋಧರ ಕವಚದ ತುಂಡುಗಳನ್ನು ಕೂಡಿಸುತ್ತಿದ್ದುದೂ, ಕತ್ತಿಗೆ ಕಟ್ಟುತ್ತಿದ್ದುದೂ ಹೆಣೆದ ದಾರವೇ. 1876ರಲ್ಲಿ ಸರ್ಕಾರ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ದಾರದವರ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಆಗ ಆ ಕಸುಬನ್ನು ಕಾಪಾಡಿದವರು ಹೆಂಗಸರು. ಕಿಮೋನೋದ ನಡುಪಟ್ಟಿಯ ಮೇಲೆ ಕಟ್ಟುವ ದಾರವಾಗಿ ಅದು ಅವರ ಉಡುಪಿಗೆ ಸೇರಿತು, ಈಗಲೂ ಉಳಿದಿದೆ.

ನಮ್ಮಲ್ಲೂ ಅಂಥ ಒಂದು ದಾರಿ ತೆರೆದೇ ಇದೆ. ಎಲ್ಲ ಊರುಗಳಲ್ಲೂ ಹೆಂಗಸರು ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುತ್ತಾರೆ. ಅಡಿಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಾಗಿಲ ಬೆಳಕಿಗೆ ಕುಳಿತು ಸೆರಗಿನ ಎಳೆ ಎಣಿಸುತ್ತಾರೆ. ಕಣ್ಣು ನೋಯುವ ಆ ಕೆಲಸಕ್ಕೆ ಚೌಕಾಸಿ ಮಾಡುವವರೂ ನಾವೇ. ಅದನ್ನು ಬಿಡುವಿನ ಕೆಲಸ ಎನ್ನುತ್ತೇವೆ, ಕಸುಬು ಎನ್ನುವುದಿಲ್ಲ. ಕಸುಬಲ್ಲದ್ದಕ್ಕೆ ಚರಿತ್ರೆಯೂ ಇಲ್ಲ, ಸರಿಯಾದ ಕೂಲಿಯೂ ಇಲ್ಲ. ಮೂಗುದಾರದ ಅಜ್ಜಿಯನ್ನು ನಿಮ್ಮ ಕೆಲಸ ಎಷ್ಟು ವರ್ಷದ್ದು ಎಂದು ಕೇಳಿದಾಗ, "ಇದೇನು ಕೆಲಸ ಬುಡವ್ವ" ಅಂದಿದ್ದರು. ಊರಿನಲ್ಲಿ ಎತ್ತು ಕಡಿಮೆಯಾಗಿ ಟ್ರ್ಯಾಕ್ಟರು ಹೆಚ್ಚಾದ ಮೇಲೆ ಅವರ ದಾರ ಕೇಳುವವರು ಇಲ್ಲ. ಎತ್ತಿನೊಂದಿಗೆ ಹೋದ ಹೆಣಿಗೆ ಹಾಗೇ ಹೋಗಬೇಕಿಲ್ಲ. ರವಿಕೆಯ ಬೆನ್ನಿನ ದಾರಕ್ಕೆ, ಮಗುವಿನ ಉಡುದಾರಕ್ಕೆ, ಕೈಚೀಲದ ಹಿಡಿಕೆಗೆ ಅದೇ ಎಂಟು ಎಳೆ ಸಾಕು.

ಮುಂದಿನ ಸಲ ಕುಚ್ಚು ಕಟ್ಟಿಸಲು ಸೀರೆ ಕೊಡುವಾಗ, ಕಟ್ಟುವವರ ಪಕ್ಕದಲ್ಲಿ ಅರ್ಧ ಗಂಟೆ ಕೂತು ಅವರ ಬೆರಳು ನೋಡಿ. ಅವರಿಗೆ ಯಾರು ಕಲಿಸಿದರು, ಕಲಿಸಿದವರಿಗೆ ಯಾರು ಕಲಿಸಿದರು ಎಂದು ಕೇಳಿ. ಕೇಳಿದ್ದನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಕೋಟೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಅವರ ಅಂಗಿಗೆ ಕಸೆ ಹೆಣೆದವರ ಲೆಕ್ಕ ನಮ್ಮ ಮನೆಗಳಲ್ಲೇ ಸಿಗಬೇಕು.