ದಾಳ, ಆಯ್ಕೆ, ತೀರ್ಪು: ಯುದ್ಧಕ್ರೀಡೆಯಿಂದ ಪಾತ್ರಕ್ರೀಡೆಗೆ

ಆಟದೊಳಗಿನ ಕಲಹವನ್ನು ತೀರ್ಮಾನಿಸಬೇಕಾದುದು ದಾಳವೋ, ಮನುಷ್ಯನ ವಿವೇಕವೋ ಎಂಬ ಪ್ರಶ್ನೆ ಹಳೆಯದು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ಕಿರಿಯ ರೈಸ್‌ವಿಟ್ಸನು ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ಆಟಗಾರರು ಆಜ್ಞೆಗಳನ್ನು ಬರೆದುಕೊಡುತ್ತಿದ್ದರು. ಮಧ್ಯಸ್ಥನು ದಾಳವನ್ನೆಸೆದು, ಕೋಷ್ಟಕವನ್ನು ನೋಡಿ, ಸೈನ್ಯದ ನಷ್ಟವನ್ನು ನಿರ್ಣಯಿಸುತ್ತಿದ್ದನು. ಈ ಕ್ರಮವು ತೊಡಕಿನದೆಂದು ಬಗೆದ ವೆರ್ದಿ ದು ವೆರ್ನ್ವಾ 1876ರಲ್ಲಿ ದಾಳ, ಕೋಷ್ಟಕಗಳೆರಡನ್ನೂ ಕೈಬಿಟ್ಟು, ಅನುಭವಿಯಾದ ಮಧ್ಯಸ್ಥನ ತೀರ್ಪೇ ಸಾಕೆಂದನು. ಆಟವೇನೋ ಸುಗಮವಾಯಿತು, ಆದರೆ ಮಧ್ಯಸ್ಥನ ಅಭಿಪ್ರಾಯವೇ ರಣದ ವಿಧಿಯಾಯಿತು.

ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ರಚಿಸಿ, 1974ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇವೆರಡನ್ನೂ ಕೂಡಿಸಿತು. ಹೋರಾಡುವುದೋ, ಸಂಧಾನ ಮಾಡುವುದೋ, ಓಡುವುದೋ ಎಂಬುದು ಆಟಗಾರನ ಆಯ್ಕೆ. ಹೊಡೆತ ತಗಲಿತೇ ಎಂಬುದನ್ನು ಹೇಳುವುದು 20 ಮುಖಗಳ ದಾಳ. ನಿಯಮವು ಮೌನವಾದೆಡೆ ಮಧ್ಯಸ್ಥನ ತೀರ್ಪು. ಆದುದರಿಂದ ದಾಳವು ಆಯ್ಕೆಯ ವೈರಿಯಲ್ಲ, ತೀರ್ಪುಗಾರನ ಅಧಿಕಾರಕ್ಕೊಂದು ಮಿತಿಯೆಂದೇ ನಾವು ಭಾವಿಸುತ್ತೇವೆ.