ಅಲುಗಾಡದೆ ನಿಂತವರನ್ನು ಕ್ಯಾಮೆರಾ ಮರೆಯುತ್ತದೆಯೇ?

ಬೆಂಗಳೂರು–ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಗೇಟು, ಗೋದಾಮು, ಯಂತ್ರಗಳ ಸುತ್ತ ಕ್ಯಾಮೆರಾ ಇರುವುದು ಈಗ ಮಾಮೂಲು. ‘ಯಾರಾದರೂ ಯಂತ್ರದ ಹತ್ತಿರ ಹೋದರೆ ಕ್ಯಾಮೆರಾನೇ ಅಲಾರಂ ಹೊಡೆಯುತ್ತೆ ಬಿಡಿ’ ಎನ್ನುವವರೂ ಇದ್ದಾರೆ. ಇದು ಎಷ್ಟು ನಿಜ? ನೋಡೋಣ.

ಕ್ಯಾಮೆರಾಗೆ ಮನುಷ್ಯ ಗೊತ್ತಿಲ್ಲ, ಗೊತ್ತಿರುವುದು ಪಿಕ್ಸೆಲ್‌ಗಳ ಬಣ್ಣ ಮಾತ್ರ. 640×480 ಅಳತೆಯ ಚಿತ್ರದಲ್ಲಿ 3,07,200 ಪಿಕ್ಸೆಲ್‌ಗಳಿರುತ್ತವೆ. ಸೆಕೆಂಡಿಗೆ 25 ಚಿತ್ರಗಳು ಬಂದರೆ ಒಂದೊಂದನ್ನೂ 40 ಮಿಲಿಸೆಕೆಂಡಿನೊಳಗೆ ಪರಿಶೀಲಿಸಿ ಮುಗಿಸಬೇಕು. ಇದಕ್ಕೆ ಸುಲಭದ ದಾರಿ ಎಂದರೆ ಕಳೆಯುವ ಲೆಕ್ಕ. ಖಾಲಿ ಜಾಗದ ಚಿತ್ರವನ್ನು ಈಗಿನ ಚಿತ್ರದಿಂದ ಕಳೆದರೆ, ಉಳಿದದ್ದೇ ಹೊಸದಾಗಿ ಬಂದ ವಸ್ತು.

ಆದರೆ ಹಿನ್ನೆಲೆಯೂ ಬದಲಾಗುತ್ತಿರುತ್ತದೆ. ಬಿಸಿಲು ಸರಿಯುತ್ತದೆ, ಫ್ಯಾನ್ ತಿರುಗುತ್ತದೆ. 1999ರಲ್ಲಿ ಅಮೆರಿಕದ ಎಂಐಟಿಯ ಕ್ರಿಸ್ ಸ್ಟಾಫರ್ ಮತ್ತು ಎರಿಕ್ ಗ್ರಿಮ್ಸನ್ ಇದಕ್ಕೊಂದು ಉಪಾಯ ಕೊಟ್ಟರು. ಪ್ರತಿ ಪಿಕ್ಸೆಲ್‌ಗೂ 3ರಿಂದ 5 ಬಗೆಯ ಬಣ್ಣಗಳ ಲೆಕ್ಕವಿಟ್ಟು, ಹೆಚ್ಚು ಸಲ ಕಂಡದ್ದನ್ನು ಹಿನ್ನೆಲೆ ಎಂದು ಪರಿಗಣಿಸುವುದು. ಹೀಗಾಗಿ ಫ್ಯಾನಿನ ರೆಕ್ಕೆ, ಹಿಂದಿನ ಗೋಡೆ ಎರಡೂ ಹಿನ್ನೆಲೆಯೇ ಆಗುತ್ತವೆ.

ತೊಡಕು ಇರುವುದೂ ಇಲ್ಲೇ. ಒಬ್ಬರು ಒಂದೇ ಕಡೆ ಅಲುಗಾಡದೆ ನಿಂತರೆ ಅವರ ಅಂಗಿಯ ಬಣ್ಣವೂ ‘ಹೆಚ್ಚು ಸಲ ಕಂಡದ್ದು’ ಆಗುತ್ತದೆ. ಇದೇ ವಿಧಾನವನ್ನು 2004ರಲ್ಲಿ ಸುಧಾರಿಸಿದ ಜೋರಾನ್ ಜಿವ್ಕೋವಿಚ್ ಕೊಟ್ಟ ಲೆಕ್ಕದ ಪ್ರಕಾರ, ಒಂದು ಸಾಮಾನ್ಯ ಹೊಂದಾಣಿಕೆಯಲ್ಲಿ ನಿಂತ ವಸ್ತು ಸುಮಾರು 105 ಚಿತ್ರಗಳಲ್ಲಿ ಹಿನ್ನೆಲೆಗೆ ಸೇರುತ್ತದೆ. ಸೆಕೆಂಡಿಗೆ 25 ಚಿತ್ರವಾದರೆ ಅದು ಬರೀ 4 ಸೆಕೆಂಡು! ಕಲಿಕೆಯ ವೇಗ ತಗ್ಗಿಸಿದರೆ ಈ ಸಮಯ ಹೆಚ್ಚುತ್ತದೆ, ಆದರೆ ಆಗ ಬೆಳಕು ತುಸು ಬದಲಾದರೂ ಸುಳ್ಳು ಅಲಾರಂ ಶುರುವಾಗುತ್ತದೆ.

ವಿಡಿಯೋ ಕಾಲ್‌ನಲ್ಲಿ ನಮ್ಮ ಹಿಂದಿನ ಗೋಡೆ ಮಸುಕಾಗುವ ಬಗೆ ಬೇರೆ. ಅಲ್ಲಿ ಸಾವಿರಾರು ಚಿತ್ರಗಳಿಂದ ಮನುಷ್ಯನ ಆಕಾರ ಕಲಿತ ನ್ಯೂರಲ್ ನೆಟ್‌ವರ್ಕ್ ಕೆಲಸ ಮಾಡುತ್ತದೆ. ಹಾಗಾಗಿ ಸುಮ್ಮನೆ ಕೂತರೂ ನಾವು ಮಾಯವಾಗುವುದಿಲ್ಲ. ಆದರೆ ಯಂತ್ರದಡಿ ಬಗ್ಗಿದವರನ್ನು, ಅರ್ಧ ಮರೆಯಾದವರನ್ನು ಅದೂ ತಪ್ಪಿಸಿಕೊಳ್ಳಬಹುದು.

ಆದ್ದರಿಂದ ಎಣಿಕೆಗೆ, ಕಾವಲಿಗೆ ಇಂಥ ಕ್ಯಾಮೆರಾ ಸರಿ, ಆದರೆ ಅದನ್ನೇ ನಂಬಿ ಯಂತ್ರದೊಳಗೆ ಕೈ ಹಾಕುವಂತಿಲ್ಲ. ರಿಪೇರಿಗೆ ಇಳಿಯುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ನಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಆ ಬೀಗ ಇರುವವರೆಗೆ ಬೇರೆ ಯಾರೂ ಸ್ವಿಚ್ ಹಾಕಲಾರರು.